ಪೆಟ್ಟು ತಲೆಗೆ, ಪರೀಕ್ಷೆ ಭಾಷೆಗೆ

ಕಬಡ್ಡಿ ಅಂಗಣದಲ್ಲಿ ಎದುರಾಳಿಯ ಮೊಣಕಾಲು ತಲೆಗೆ ಬಡಿದು ಬಿದ್ದ ಹುಡುಗ ಕ್ಷಣಾರ್ಧದಲ್ಲಿ ಎದ್ದು ನಿಂತು, ಮೈಮೇಲಿನ ಮಣ್ಣು ಕೊಡವಿಕೊಂಡು, "ಏನೂ ಆಗಿಲ್ಲ ಸಾರ್" ಎನ್ನುತ್ತಾನೆ. ಸುತ್ತ ನಿಂತವರು ಚಪ್ಪಾಳೆ ತಟ್ಟುತ್ತಾರೆ. ದೈಹಿಕ ಶಿಕ್ಷಕರು ಹತ್ತಿರ ಬಂದು, "ನಿನ್ನ ಹೆಸರೇನು? ಊರು ಯಾವುದು?" ಎಂದು ಕೇಳುತ್ತಾರೆ. ಹುಡುಗ ಹೆಸರೂ ಹೇಳುತ್ತಾನೆ, ಊರೂ ಹೇಳುತ್ತಾನೆ. ಆಟ ಮುಂದುವರಿಯುತ್ತದೆ. ಕಾಸರಗೋಡಿನ ಯಾವ ಶಾಲೆಯ ಯಾವ ಕ್ರೀಡಾಕೂಟಕ್ಕೆ ಹೋದರೂ ಕಾಣಸಿಗುವ ಈ ದೃಶ್ಯದಲ್ಲಿ ಯಾರದೂ ದುರುದ್ದೇಶವಿಲ್ಲ. ಆದರೆ ಇಲ್ಲಿ ನಡೆದದ್ದು ಪರೀಕ್ಷೆಯಲ್ಲ, ಪರೀಕ್ಷೆಯ ನಟನೆ ಎಂಬುದನ್ನು ನಮ್ಮ ಓದುಗರಾದ ಹೆತ್ತವರೂ ಅಧ್ಯಾಪಕರೂ ತಿಳಿದಿರಬೇಕಾದ ಕಾಲ ಬಂದಿದೆ.

ತಲೆಗೆ ಬಿದ್ದ ಪೆಟ್ಟಿನಿಂದ ಬುರುಡೆ ಒಡೆಯದೆ, ರಕ್ತ ಸುರಿಯದೆ, ಒಳಗಿನ ಮೆದುಳು ಮಾತ್ರ ಒಮ್ಮೆ ಅಲುಗಿ ಅದರ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದಕ್ಕೆ ವೈದ್ಯರು ಕನ್ಕಶನ್ ಎನ್ನುತ್ತಾರೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಹೆಚ್ಚಿನವರಿಗೆ ತಪ್ಪುವುದೂ ಇಲ್ಲ. ಸಿ.ಟಿ. ಸ್ಕ್ಯಾನ್ ತೆಗೆದರೆ ಚಿತ್ರ ಸರಿಯಾಗಿಯೇ ಇರುತ್ತದೆ, ಏಕೆಂದರೆ ಆ ಯಂತ್ರ ಹುಡುಕುವುದು ರಕ್ತಸ್ರಾವವನ್ನು ಮತ್ತು ಮುರಿದ ಎಲುಬನ್ನು. ಮೆದುಳಿನ ಕೋಟ್ಯಂತರ ಜೀವಕೋಶಗಳು ದಣಿದು ತಡವರಿಸುತ್ತಿರುವುದು ಅದಕ್ಕೆ ಕಾಣುವುದಿಲ್ಲ. ಆದುದರಿಂದ ವೈದ್ಯರು ಮಾತಿನ ಮೊರೆ ಹೋಗಬೇಕಾಗುತ್ತದೆ. ಹತ್ತು ಪದ ಹೇಳಿ ನೆನಪಿಟ್ಟುಕೊಳ್ಳಲು ಹೇಳುವುದು, ಅಂಕೆಗಳನ್ನು ಹಿಂದುಮುಂದಾಗಿ ಹೇಳಿಸುವುದು, ಡಿಸೆಂಬರಿನಿಂದ ಹಿಂದಕ್ಕೆ ತಿಂಗಳುಗಳನ್ನು ಹೇಳಿಸುವುದು, ಚಿಕ್ಕ ಮಕ್ಕಳಾದರೆ ವಾರದ ದಿನಗಳನ್ನು ಹಿಂದಕ್ಕೆ ಹೇಳಿಸುವುದು, ಒಂದೇ ಕಾಲಿನಲ್ಲಿ ನಿಲ್ಲಿಸಿ ಸಮತೋಲ ನೋಡುವುದು, ಇವೇ ಆ ಪರೀಕ್ಷೆಯ ಮುಖ್ಯ ಅಂಗಗಳು. 2001ರಲ್ಲಿ ವಿಯೆನ್ನಾದಲ್ಲಿ ಆರಂಭವಾದ ತಜ್ಞರ ಸಮಾವೇಶಗಳ ಸರಣಿಯಲ್ಲಿ ಈ ಪರೀಕ್ಷಾಪತ್ರಿಕೆ ರೂಪುಗೊಂಡಿತು. 2022ರ ಆಮ್‌ಸ್ಟರ್‌ಡಾಂ ಸಮಾವೇಶದ ನಂತರ 2023ರಲ್ಲಿ ಪ್ರಕಟವಾದ ಆರನೆಯ ಆವೃತ್ತಿ ಈಗ ಬಳಕೆಯಲ್ಲಿದೆ. ಸ್ಕ್ಯಾಟ್ ಎಂದು ಅದಕ್ಕೆ ಹ್ರಸ್ವನಾಮ. ಹದಿಮೂರು ದಾಟಿದವರಿಗೆ ಒಂದು, ಎಂಟರಿಂದ ಹನ್ನೆರಡರ ಮಕ್ಕಳಿಗೆ ಇನ್ನೊಂದು.

ಹೆಸರು ಕೇಳುವುದು ಏಕೆ ಸಾಲದು ಎಂಬುದಕ್ಕೆ ಉತ್ತರ ಆಸ್ಟ್ರೇಲಿಯಾದಿಂದ ಬಂದಿದೆ. ಅಲ್ಲಿನ ಸಂಶೋಧಕರು 1990ರ ದಶಕದಲ್ಲಿ ಫುಟ್‌ಬಾಲ್ ಆಟಗಾರರನ್ನು ಪರೀಕ್ಷಿಸಿ ಕಂಡುಕೊಂಡ ಸಂಗತಿಯೆಂದರೆ, ಮೆದುಳು ಅಲುಗಿದ ಆಟಗಾರ ತನ್ನ ಹೆಸರು, ಹುಟ್ಟಿದ ದಿನ, ಊರು ಎಲ್ಲವನ್ನೂ ಸರಾಗವಾಗಿ ಹೇಳಬಲ್ಲ. ಅವನು ಎಡವುವುದು, "ಈಗ ಯಾವ ಅಂಗಣದಲ್ಲಿದ್ದೇವೆ? ಇದು ಮೊದಲರ್ಧವೋ ಎರಡನೆಯದೋ? ಕೊನೆಯ ಅಂಕ ಗಳಿಸಿದವರು ಯಾರು? ಹೋದ ವಾರ ಯಾವ ತಂಡದೊಡನೆ ಆಡಿದಿರಿ? ಗೆದ್ದಿರೋ ಸೋತಿರೋ?" ಎಂಬಂಥ ಪ್ರಶ್ನೆಗಳಲ್ಲಿ. ಹಳೆಯದು ಉಳಿದಿರುತ್ತದೆ, ಹೊಸದು ಅಂಟುವುದಿಲ್ಲ. ನಮ್ಮ ದೈಹಿಕ ಶಿಕ್ಷಕರು ಈ ಐದು ಪ್ರಶ್ನೆಗಳನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಅದಕ್ಕೆ ಸರಕಾರದ ಆದೇಶವೂ ಬೇಡ, ಖರ್ಚೂ ಇಲ್ಲ.

ಈ ವಿಷಯ ಬರೆಯಲು ಪ್ರೇರಣೆಯಾದುದು ದೂರದ ಸಾಂಗ್ಲಿ ಜಿಲ್ಲೆಯ ಒಂದು ಸಂಗತಿ. ಮಹಾರಾಷ್ಟ್ರದ ಸಾಂಗ್ಲಿ ಎಂದರೆ ನಮ್ಮವರಿಗೆ ಅರಸಿನದ ಪೇಟೆ ನೆನಪಾಗಬಹುದು. ಮಿರಜ್ ಎಂದರೆ ಸಿತಾರು, ತಂಬೂರಿ ಮತ್ತು ಅಬ್ದುಲ್ ಕರೀಂ ಖಾನರು. ಆದರೆ ಆ ಜಿಲ್ಲೆಯ ಪೂರ್ವದಲ್ಲಿರುವ ಜತ್ತ ತಾಲೂಕಿನ ಹಲವಾರು ಹಳ್ಳಿಗಳು ಕನ್ನಡದ ಹಳ್ಳಿಗಳು. ಗುಡ್ಡಾಪುರದ ದಾನಮ್ಮನ ಕ್ಷೇತ್ರ ಇರುವುದು ಅಲ್ಲಿಯೇ. ಕನ್ನಡ ಮಾಧ್ಯಮದ ಶಾಲೆಗಳು ಅಲ್ಲಿವೆ, ಅಲ್ಲಿನ ಅಧ್ಯಾಪಕರ ಗೋಳು ನಮ್ಮ ಗೋಳಿಗಿಂತ ಬೇರೆಯಲ್ಲ. 1956ರಲ್ಲಿ ಗೆರೆ ಎಳೆದವರು ಇಲ್ಲಿ ನಮ್ಮನ್ನು ಬಿಟ್ಟಂತೆ ಅಲ್ಲಿ ಅವರನ್ನು ಬಿಟ್ಟರು. 1967ರ ಮಹಾಜನ ವರದಿಯಲ್ಲಿ ಕಾಸರಗೋಡಿನ ಹೆಸರಿನೊಡನೆ ಜತ್ತದ ಹೆಸರೂ ಇತ್ತೆಂಬುದನ್ನು ಹಿರಿಯ ಓದುಗರು ಮರೆತಿರಲಾರರು.

ಸಾಂಗ್ಲಿಯದು ಕುಸ್ತಿಯ ನಾಡು. 1962ರ ಜಕಾರ್ತಾ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನ ಗೆದ್ದ ಮಾರುತಿ ಮಾನೆ ಆ ಜಿಲ್ಲೆಯ ಕವಠೆ ಪಿರಾನ್ ಗ್ರಾಮದವರು. ಇಂದಿಗೂ ಅಲ್ಲಿ ಜಾತ್ರೆಯೆಂದರೆ ಕುಸ್ತಿ ಮೈದಾನ ಇರಲೇಬೇಕು. ಕೆಂಪು ಮಣ್ಣಿನ ಅಖಾಡದಲ್ಲಿ ಹತ್ತು ಹನ್ನೆರಡರ ಹುಡುಗರೂ ಇಳಿಯುತ್ತಾರೆ. ಕಿವಿ ಮುದುಡಿಕೊಂಡಿರುವುದು ಪೈಲ್ವಾನನ ಬಿರುದು ಇದ್ದಂತೆ; ಅದನ್ನು ಮರೆಮಾಚುವವರಿಲ್ಲ, ತೋರಿಸಿಕೊಳ್ಳುವವರೇ. ಎತ್ತಿ ಒಗೆದಾಗ ತಲೆ ನೆಲಕ್ಕೆ ಬಡಿದು ಕಣ್ಣು ಕತ್ತಲೆ ಬಂದರೂ ಎದ್ದು ಮತ್ತೆ ಕೈ ಹಿಡಿಯುವುದೇ ಗಂಡಸುತನ ಎಂದು ವಸ್ತಾದರು ಹೇಳಿಕೊಡುತ್ತಾರೆ. ಮುದುಡಿದ ಕಿವಿ ಕಣ್ಣಿಗೆ ಕಾಣುತ್ತದೆ. ಅಲುಗಿದ ಮೆದುಳು ಯಾರಿಗೂ ಕಾಣದು.

ಆ ತಾಲೂಕಿನ ಕನ್ನಡ ಶಾಲೆಯೊಂದರ ಅಧ್ಯಾಪಕ ಮಿತ್ರರು ಹೇಳಿದ್ದು ಇದು. ಅವರ ಶಾಲೆಯ, ಹದಿನಾಲ್ಕರ ಹುಡುಗನೊಬ್ಬ ಜಾತ್ರೆಯ ಕುಸ್ತಿಯಲ್ಲಿ ತಲೆ ಮೇಲಾಗಿ ಬಿದ್ದ. ಎರಡು ದಿನ ತಲೆನೋವು ಬಿಡದಿದ್ದಾಗ ಮನೆಯವರು ಮಿರಜಿಗೆ ಕರೆದೊಯ್ದರು. ಆ ಸೀಮೆಯವರಿಗೆ, ಬೆಳಗಾವಿ ವಿಜಾಪುರ ಬಾಗಲಕೋಟೆಯವರಿಗೂ ಸೇರಿ, ದೊಡ್ಡ ಕಾಯಿಲೆಯೆಂದರೆ ತಲೆತಲಾಂತರದಿಂದ ಮಿರಜಿಯೇ ದಾರಿ. ಕೆನಡಾದಲ್ಲಿ ಹುಟ್ಟಿದ ಮಿಶನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದಂದಿನಿಂದ ಆ ಊರಿಗೆ ವೈದ್ಯರ ಊರೆಂಬ ಹೆಸರು ಅಂಟಿದೆ. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜೂ ಬಂತು. ಬೀದಿಬೀದಿಗೆ ಖಾಸಗಿ ದವಾಖಾನೆಗಳು. ಅಂಥ ಒಂದು ದವಾಖಾನೆಯಲ್ಲಿ, ಅದರ ಹೆಸರು ಇಲ್ಲಿ ಬೇಕಿಲ್ಲ, ಕಿರಿಯ ವೈದ್ಯರೊಬ್ಬರು ಹುಡುಗನನ್ನು ಶ್ರದ್ಧೆಯಿಂದಲೇ ಪರೀಕ್ಷಿಸಿದರು. ಸ್ಕ್ಯಾನ್ ಸರಿಯಿತ್ತು. ಬಳಿಕ ಮರಾಠಿಯಲ್ಲಿ ತಿಂಗಳುಗಳನ್ನು ಹಿಂದಕ್ಕೆ ಹೇಳೆಂದರು, ಅಂಕೆಗಳನ್ನು ತಿರುಗಿಸಿ ಹೇಳೆಂದರು. ಹುಡುಗನಿಗೆ ಸಂತೆಯ ಮರಾಠಿ ಬರುತ್ತದೆ. ಆದರೆ ಬಿಳಿ ಕೋಟು, ಹೊಸ ಕೋಣೆ, ಪಕ್ಕದಲ್ಲಿ ಬೆವರೊರೆಸಿಕೊಳ್ಳುತ್ತ ನಿಂತ ಅಪ್ಪ. ನಾಲಿಗೆ ಒಣಗಿತು. ಎರಡು ಮೂರು ತಿಂಗಳು ಹೇಳಿ ನಿಂತ. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ನಾಡಿ ನೂರು ದಾಟಿತ್ತು, ಅಂಗೈ ಒದ್ದೆಯಾಗಿತ್ತು. ಮೆದುಳಿನ ಪೆಟ್ಟು ಜೋರಾಗಿಯೇ ಇದೆ ಎಂದು ವೈದ್ಯರು ಬರೆಯಲು ಹೊರಟಾಗ, ಅಥಣಿ ಕಡೆಯ ನರ್ಸಮ್ಮ ಒಬ್ಬರು ಹುಡುಗನ ಹೆಗಲ ಮೇಲೆ ಕೈಯಿಟ್ಟು, "ತಮ್ಮಾ, ಅಂಜಬ್ಯಾಡ. ಡಿಸೆಂಬರದಿಂದ ಹಿಂದಕ್ಕ ಹೇಳ್ಕೋಂತ ಬಾ ನೋಡೂಣು" ಎಂದರಂತೆ. ಹುಡುಗ ಜನವರಿಯ ತನಕ ತಪ್ಪಿಲ್ಲದೆ ಬಂದ. ನಾಡಿಯೂ ಇಳಿಯಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ಭಾಷಣಕ್ಕೆ ಬಹಳ ಚೆನ್ನಾಗಿರುತ್ತಿತ್ತು. ಆದರೆ ಮುಗಿಯಲಿಲ್ಲ. ವೈದ್ಯರು ಒಳ್ಳೆಯವರು, ನರ್ಸಮ್ಮನ ಬಾಯಿಂದಲೇ ಹತ್ತು ಕನ್ನಡ ಪದ ಹೇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದರು. ಹುಡುಗನಿಗೆ ಎರಡೇ ನೆನಪಿದ್ದವು. ಭಯವೆಲ್ಲ ಇಳಿದ ಮೇಲೂ, ತಾಯ್ನುಡಿಯಲ್ಲೂ, ಎರಡೇ. ಅಂದರೆ ಪೆಟ್ಟು ನಿಜವಾಗಿಯೂ ಇತ್ತು. ಎಲ್ಲಿದೆಯೆಂದು ಮರಾಠಿಯ ಪರೀಕ್ಷೆ ತೋರಿಸಿದ ಜಾಗದಲ್ಲಿ ಮಾತ್ರ ಇರಲಿಲ್ಲ. ಹುಡುಗನನ್ನು ಮೂರು ವಾರ ಅಖಾಡಕ್ಕೆ ಇಳಿಸಲಿಲ್ಲ. ಈ ಎರಡನೆಯ ಭಾಗವನ್ನು ನಾವು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮಕ್ಕಳ ಭಾಷೆಯಲ್ಲಿ ಪರೀಕ್ಷೆ ಮಾಡಿ ಎಂದು ಕೇಳುವುದು ಮಕ್ಕಳನ್ನು ಸುಲಭವಾಗಿ ಪಾಸು ಮಾಡಿಸುವುದಕ್ಕಲ್ಲ. ಪೆಟ್ಟನ್ನು ಪೆಟ್ಟೆಂದೂ ಭಯವನ್ನು ಭಯವೆಂದೂ ಬೇರೆಬೇರೆಯಾಗಿ ಕಾಣುವುದಕ್ಕೆ.

ಭಯವನ್ನು ಅಳೆಯಬಹುದೇ? ಅಳೆಯಬಹುದು, ಮತ್ತು ಈಗ ಅಳೆಯುತ್ತಿದ್ದಾರೆ. ಅಪಾಯ ಎದುರಾದಾಗ ಎದೆ ಬಡಿತ ಏರುವುದು, ಬಾಯಿ ಒಣಗುವುದು, ಅಂಗೈ ಬೆವರುವುದು, ಹೊಟ್ಟೆಯ ಕೆಲಸ ನಿಲ್ಲುವುದು ಇವೆಲ್ಲ ಒಂದೇ ವ್ಯವಸ್ಥೆಯ ಆಜ್ಞೆಯಿಂದ ನಡೆಯುತ್ತವೆ ಎಂದು ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ 1915ರಲ್ಲೇ ಗ್ರಂಥ ಬರೆದು ತೋರಿಸಿದ. ನಮ್ಮ ಇಚ್ಛೆಯನ್ನು ಕೇಳದೆ ನಡೆಯುವ ಈ ನರವ್ಯೂಹದಲ್ಲಿ ಎರಡು ಕವಲುಗಳು. ಒಂದು ಗಾಡಿಯನ್ನು ಓಡಿಸುತ್ತದೆ, ಇನ್ನೊಂದು ಲಗಾಮು ಎಳೆಯುತ್ತದೆ. ನಿಮಿಷಕ್ಕೆ ಅರುವತ್ತು ಬಾರಿ ಬಡಿಯುವ ಹೃದಯ ಸರಿಯಾಗಿ ಸೆಕೆಂಡಿಗೊಮ್ಮೆ ಬಡಿಯುವುದಿಲ್ಲ. ಉಸಿರು ಎಳೆದುಕೊಂಡಾಗ ಬಡಿತಗಳು ಕೊಂಚ ಹತ್ತಿರವಾಗುತ್ತವೆ, ಬಿಟ್ಟಾಗ ಕೊಂಚ ದೂರವಾಗುತ್ತವೆ. ಈ ಪುಟ್ಟ ಏರಿಳಿತ ಚೆನ್ನಾಗಿದ್ದರೆ ಎರಡು ಕವಲುಗಳೂ ಹೊಂದಿಕೊಂಡು ಕೆಲಸ ಮಾಡುತ್ತಿವೆ ಎಂದು ಅರ್ಥ. ಕಳವಳದಲ್ಲಿ ಏರಿಳಿತ ಕುಗ್ಗಿ ಬಡಿತ ಗಡಿಯಾರದಂತೆ ಬಿಗಿಯಾಗುತ್ತದೆ. ಅಂಗೈಗೆ ಎರಡು ತಂತಿ ಅಂಟಿಸಿದರೆ ಬೆವರು ಹೆಚ್ಚಿದಂತೆ ಚರ್ಮದಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದನ್ನು ಯಂತ್ರ ಬರೆದುಕೊಳ್ಳುತ್ತದೆ. ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ರಸದ ಪ್ರಮಾಣ ನೋಡಿದರೆ ಇಪ್ಪತ್ತು ಮೂವತ್ತು ನಿಮಿಷದ ಹಿಂದೆ ಮನಸ್ಸು ಎಷ್ಟು ಉದ್ವೇಗಗೊಂಡಿತ್ತೆಂದು ತಿಳಿಯುತ್ತದೆ. ಇವು ಯಾವುವೂ ಕೊಯ್ಯುವ ಚುಚ್ಚುವ ಕೆಲಸಗಳಲ್ಲ.

ಕನ್ಕಶನ್ ಆದವರಲ್ಲಿ ಇದನ್ನು ಏಕೆ ನೋಡುತ್ತಾರೆಂದರೆ, ಮೆದುಳು ಅಲುಗಿದಾಗ ಈ ಲಗಾಮಿನ ವ್ಯವಸ್ಥೆಯೂ ಸಡಿಲವಾಗಬಹುದು. 2004ರಲ್ಲಿ ಕೆನಡಾದ ಐಸ್ ಹಾಕಿ ಆಟಗಾರರ ಬಗ್ಗೆ ಪ್ರಕಟವಾದ ಅಧ್ಯಯನವೊಂದು ಕುತೂಹಲಕರ. ಪೆಟ್ಟು ತಿಂದವರೂ ತಿನ್ನದವರೂ ಸುಮ್ಮನೆ ಕುಳಿತಿದ್ದಾಗ ಅವರ ಎದೆಬಡಿತದ ಲಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ವ್ಯಾಯಾಮ ಮಾಡಿಸಿದಾಗ ವ್ಯತ್ಯಾಸ ಹೊರಬಿತ್ತು. ನಿಲ್ಲಿಸಿದ ಬಸ್ಸಿನ ಬ್ರೇಕು ಸರಿಯಿದೆಯೋ ಇಲ್ಲವೋ ಎಂದು ಇಳಿಜಾರಿನಲ್ಲಿ ತಾನೆ ಗೊತ್ತಾಗುವುದು! ಅಂದಿನಿಂದ ಸಂಶೋಧಕರು ಓಟದ ಶ್ರಮದ ಜೊತೆಗೆ ಲೆಕ್ಕ ಮಾಡಿಸುವ, ನೆನಪು ಪರೀಕ್ಷಿಸುವ ಮಾನಸಿಕ ಶ್ರಮವನ್ನೂ ಕೊಟ್ಟು ದೇಹ ಹೇಗೆ ಸ್ಪಂದಿಸುತ್ತದೆಂದು ನೋಡತೊಡಗಿದ್ದಾರೆ. ಉತ್ತರ ಸರಿಯಾಗಿ ಬಂದರೂ ಅದನ್ನು ಹೇಳಲು ದೇಹ ಎಷ್ಟು ಬೆಲೆ ತೆತ್ತಿತು ಎಂಬುದು ಪ್ರಶ್ನೆ. ಒಬ್ಬ ಹುಡುಗ ಹತ್ತು ಪದಗಳನ್ನೂ ಸುಲಭವಾಗಿ ಹೇಳಬಹುದು. ಇನ್ನೊಬ್ಬ ಅಷ್ಟನ್ನೇ ಹೇಳಲು ಬೆವರಿ ತೊಯ್ದು ಸೋತುಹೋಗಬಹುದು. ಕಾಗದದ ಮೇಲೆ ಇಬ್ಬರಿಗೂ ಹತ್ತಕ್ಕೆ ಹತ್ತು.

ಫಲಿತಾಂಶಗಳು ಇನ್ನೂ ಒಂದೇ ದಿಕ್ಕಿನಲ್ಲಿಲ್ಲ. ಕೆಲವು ಅಧ್ಯಯನಗಳಲ್ಲಿ ವ್ಯತ್ಯಾಸ ಕಂಡಿದೆ, ಕೆಲವರಲ್ಲಿ ಕಂಡಿಲ್ಲ. ನಾಡಿಯ ಯಂತ್ರ ನೋಡಿ ಆಟಕ್ಕೆ ಬಿಡುವ ಕಾಲ ಇನ್ನೂ ಬಂದಿಲ್ಲ. ಇವು ಸದ್ಯಕ್ಕೆ ಸಂಶೋಧನೆಯ ಸಾಧನಗಳೇ. ಈ ಮಾತನ್ನು ಹೇಳದಿದ್ದರೆ ನಾಳೆ ಯಾವನಾದರೂ ಕೈಗೆ ಕಟ್ಟುವ ಗಡಿಯಾರ ಮಾರಿಕೊಂಡು ಬಂದು ಮಗುವಿನ ಮೆದುಳು ಸರಿಯಿದೆ ಎಂದು ಬರೆದುಕೊಟ್ಟಾನು.

ನಮ್ಮ ಕಳಕಳಿ ಇರುವುದು ಬೇರೆಡೆ. ನಾಡಿ ಏರಿತು, ಅಂಗೈ ಬೆವರಿತು, ಉತ್ತರ ತಡವಾಯಿತು. ಇದಕ್ಕೆ ಕಾರಣ ಅಲುಗಿದ ಮೆದುಳೋ, ಅಪರಿಚಿತ ಭಾಷೆಯೋ? ಯಂತ್ರಕ್ಕೆ ಇದು ಗೊತ್ತಾಗದು. ಆಸ್ಪತ್ರೆಯಲ್ಲಿ ಅಳೆದಾಗ ಮಾತ್ರ ರಕ್ತದೊತ್ತಡ ಏರುವ ಹಿರಿಯರು ನಮ್ಮ ಪ್ರತಿ ಮನೆಯಲ್ಲೂ ಇದ್ದಾರೆ. ಬಿಳಿ ಕೋಟಿನ ಒತ್ತಡವೆಂದು ವೈದ್ಯರೇ ಅದಕ್ಕೆ ಹೆಸರಿಟ್ಟಿದ್ದಾರೆ. ಅದರ ಮೇಲೆ ಪರಭಾಷೆಯ ಒತ್ತಡವೂ ಸೇರಿದರೆ? ಸ್ವಲ್ಪ ಉದ್ವೇಗ ಬುದ್ಧಿಯನ್ನು ಚುರುಕುಗೊಳಿಸುತ್ತದೆ, ಅತಿಯಾದರೆ ಮಂಕು ಕವಿಸುತ್ತದೆ ಎಂಬುದು 1908ರಿಂದ ಮನಶ್ಶಾಸ್ತ್ರದ ಪುಸ್ತಕಗಳಲ್ಲಿರುವ ಪಾಠ. ಅದಕ್ಕೂ ಮೊದಲೇ ಮೌಖಿಕ ಪರೀಕ್ಷೆ ತೆಗೆದುಕೊಂಡ ಎಲ್ಲ ಅಧ್ಯಾಪಕರಿಗೂ ಗೊತ್ತಿದ್ದದ್ದು.

ಭಾಷೆಯ ಪ್ರಭಾವ ಕೇವಲ ಭಯದ್ದಲ್ಲ ಎಂಬುದಕ್ಕೆ ವೇಲ್ಸಿನ ದೃಷ್ಟಾಂತವೊಂದಿದೆ. ಇಂಗ್ಲಿಷಿನ ನೆರಳಲ್ಲಿ ಬದುಕುವ ವೆಲ್ಶ್ ಭಾಷಿಕರೂ ನಮ್ಮಂತೆ ಅಲ್ಪಸಂಖ್ಯಾತರು. ಅಂಕೆಗಳನ್ನು ಕೇಳಿ ನೆನಪಿನಿಂದ ಒಪ್ಪಿಸುವ ಪರೀಕ್ಷೆಯಲ್ಲಿ ವೆಲ್ಶ್ ಮಕ್ಕಳು ಇಂಗ್ಲಿಷ್ ಮಕ್ಕಳಿಗಿಂತ ಕಡಿಮೆ ಅಂಕ ಪಡೆಯುತ್ತಿದ್ದುದಕ್ಕೆ ಕಾರಣ ಹುಡುಕಿದ ಇಬ್ಬರು ಸಂಶೋಧಕರು 1980ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ವೆಲ್ಶ್ ಭಾಷೆಯ ಅಂಕೆಗಳನ್ನು ಉಚ್ಚರಿಸಲು ಇಂಗ್ಲಿಷ್ ಅಂಕೆಗಳಿಗಿಂತ ಹೆಚ್ಚು ಹೊತ್ತು ಬೇಕು. ಹೆಚ್ಚು ಹೊತ್ತು ಬೇಕಾದದ್ದು ಮನಸ್ಸಿನಲ್ಲಿ ಕಡಿಮೆ ಹಿಡಿಯುತ್ತದೆ. ಬುದ್ಧಿಯ ಕೊರತೆಯಲ್ಲ, ಶಬ್ದದ ಉದ್ದ! ಈಗ ಮರಾಠಿಯ ಏಕ್, ದೋನ್, ತೀನ್, ಚಾರ್, ಪಾಚ್, ಸಾತ್, ಆಠ್ ಎಂಬುವನ್ನು ಬಾಯಲ್ಲಿ ಹೇಳಿ ನೋಡಿ. ಒಂದೊಂದೂ ಒಂದೇ ಬಡಿತ. ನಮ್ಮ ಒಂದು, ಎರಡು, ನಾಲ್ಕು, ಒಂಬತ್ತು ಎಂಬವು ಎರಡು ಮೂರು ಅಕ್ಷರ ಎಳೆಯುತ್ತವೆ. ಮರಾಠಿ ಮಗುವಿನ ಅಳತೆಗೋಲಿನಿಂದ ಕನ್ನಡ ಮಗುವನ್ನು ಅಳೆದರೆ, ಪೆಟ್ಟೇ ಬೀಳದ ಮಗುವೂ ಅರ್ಧ ಇಂಚು ಗಿಡ್ಡವಾಗಿ ಕಾಣಬಹುದು. ಅನುವಾದ ಮಾಡಿಕೊಟ್ಟರೆ ಸಾಲದು, ಆ ಭಾಷೆಯ ಮಕ್ಕಳನ್ನೇ ಪರೀಕ್ಷಿಸಿ ಹೊಸ ಅಳತೆ ಕಟ್ಟಬೇಕು ಎಂದು ತಜ್ಞರು ಹೇಳುವುದು ಇದಕ್ಕೇ.

ಇದು ಆಗದ ಕೆಲಸವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ನಮ್ಮ ನಾಡಿನವರಿಗೇ ಹೊಂದುವ ಬುದ್ಧಿಶಕ್ತಿ ಪರೀಕ್ಷೆಗಳ ಸಂಪುಟವನ್ನು 2004ರಲ್ಲಿ ಪ್ರಕಟಿಸಿದೆ. ವೃದ್ಧರ ಮರೆವಿನ ರೋಗವನ್ನು ಗುರುತಿಸಲು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಿದ್ಧಪಡಿಸಿದ ಪರೀಕ್ಷಾ ಪೆಟ್ಟಿಗೆ ಐದು ಭಾರತೀಯ ಭಾಷೆಗಳಲ್ಲಿದೆ, ಕನ್ನಡವೂ ಮಲಯಾಳವೂ ಅವುಗಳಲ್ಲಿ ಸೇರಿವೆ. ಅಜ್ಜನ ಮರೆವಿಗೆ ಕನ್ನಡದಲ್ಲಿ ಪರೀಕ್ಷೆ ಇರಬಹುದಾದರೆ ಮೊಮ್ಮಗನ ಪೆಟ್ಟಿಗೆ ಏಕೆ ಇರಬಾರದು?

ಕಾಸರಗೋಡಿಗೆ ಬರೋಣ. ಇಲ್ಲಿ ಸೆವೆನ್ಸ್ ಫುಟ್‌ಬಾಲ್ ಇದೆ, ಕಬಡ್ಡಿ ಇದೆ, ಗದ್ದೆ ಕೊಯ್ದ ಮೇಲೆ ಕ್ರಿಕೆಟ್ ಇದೆ. ತಲೆಗೆ ಪೆಟ್ಟು ಬಿದ್ದ ಮಗುವನ್ನು ಕರೆದುಕೊಂಡು ಹೋದ ಕಡೆ ಕರ್ತವ್ಯದಲ್ಲಿರುವ ವೈದ್ಯರು ತೆಂಕಣ ಜಿಲ್ಲೆಯವರಾಗಿದ್ದರೆ ಪ್ರಶ್ನೆ ಮಲಯಾಳದಲ್ಲಿ ಬರುತ್ತದೆ. ಅವರ ತಪ್ಪೇನೂ ಇಲ್ಲ. ಅವರಿಗೆ ಕನ್ನಡ ಬರುವುದಿಲ್ಲ. ನಮ್ಮ ಮಕ್ಕಳಿಗೂ ಮಲಯಾಳ ಬರುತ್ತದೆ, ಆಟದ ಬಯಲಲ್ಲಿ ಅದರಲ್ಲೇ ಜಗಳಾಡುತ್ತಾರೆ, ಮತ್ತೇನು ತೊಂದರೆ ಎಂದು ಕೇಳುವವರಿದ್ದಾರೆ. ಜಗಳಾಡುವ ಭಾಷೆ ಬೇರೆ, ಎಣಿಸುವ ಭಾಷೆ ಬೇರೆ. ಬೀಡಿ ಎಲೆ ಲೆಕ್ಕ ಹಾಕುವ ತಾಯಂದಿರನ್ನು ಗಮನಿಸಿದವರಿಗೆ ಇದು ಗೊತ್ತು: ಪಕ್ಕದವರೊಡನೆ ಮಲಯಾಳದಲ್ಲಿ ಮಾತಾಡುತ್ತಿದ್ದರೂ ಬೆರಳು ಓಡುವುದು ತಮ್ಮ ಭಾಷೆಯ ಅಂಕೆಯ ಮೇಲೆ. ಇನ್ನು ತಿಂಗಳುಗಳನ್ನು ಹಿಂದಕ್ಕೆ ಹೇಳೆಂದರೆ ಯಾವ ತಿಂಗಳು? ಚಿಂಗಂ, ಕನ್ನಿ, ತುಲಾಂ ಎಂದು ಹೇಳುವ ಮನೆಯ ಆಚೆಗೆ ಪಗ್ಗು, ಬೇಶ, ಕಾರ್ತೆಲ್, ಆಟಿ ಎನ್ನುವ ಮನೆ, ಅದರಾಚೆಗೆ ಚೈತ್ರ ವೈಶಾಖದ ಮನೆ. ಶಾಲೆಯ ಗೋಡೆಯಲ್ಲಿ ಮಾತ್ರ ಜನವರಿ ಫೆಬ್ರವರಿ.

ಇಲ್ಲಿ ನಾವು ನಮಗೇ ಒಂದು ಮಾತು ಹೇಳಿಕೊಳ್ಳಬೇಕಾಗಿದೆ. ಕನ್ನಡ ಮಾಧ್ಯಮದಲ್ಲಿ ಕಲಿಯುವ ಮಕ್ಕಳೆಲ್ಲರ ಮನೆಮಾತು ಕನ್ನಡವಲ್ಲ. ತುಳು, ಹವ್ಯಕ, ಕೊಂಕಣಿ, ಮರಾಠಿ, ಬ್ಯಾರಿ, ಎಲ್ಲವೂ ಒಂದೇ ತರಗತಿಯಲ್ಲಿ ಕುಳಿತಿರುತ್ತವೆ. ಮಲಯಾಳದ ಪರೀಕ್ಷೆ ಬೇಡ ಎಂದು ವಾದಿಸುವ ನಾವು, ತುಳು ಮಗುವಿನ ಮೇಲೆ ಗ್ರಂಥಸ್ಥ ಕನ್ನಡವನ್ನು ಹೇರಿದರೆ ಅದೇ ತಪ್ಪನ್ನು ನಾವೂ ಮಾಡಿದಂತಾಗುತ್ತದೆ. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುವ ನಮ್ಮದೇ ಮಕ್ಕಳು ವನ್, ಟೂ ಎಂದೇ ಎಣಿಸುವುದನ್ನು ಕಂಡು ದುಃಖಪಡಬಹುದು, ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಅವರನ್ನು ತಿದ್ದಲು ಹೋಗಬಾರದು. ವೈದ್ಯರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಮಗೂ, ನೀನು ಚಿಲ್ಲರೆ ಎಣಿಸುವುದು ಯಾವ ಭಾಷೆಯಲ್ಲಿ?" ಆ ಭಾಷೆ ಬಲ್ಲವರು ಪಕ್ಕದಲ್ಲಿರಬೇಕು. ತಂದೆತಾಯಿಯೇ ಉತ್ತರ ಹೇಳಿಕೊಡುವಂತಾಗಬಾರದು. ಮಗುವನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ನೀರು ಕೊಟ್ಟು, ನಾಡಿ ನೋಡಿ, ಬಳಿಕ ಪರೀಕ್ಷಿಸಬೇಕು. ಯಾವ ಭಾಷೆಯಲ್ಲಿ ಪರೀಕ್ಷಿಸಿದರು ಎಂಬುದನ್ನು ಚೀಟಿಯಲ್ಲಿ ಬರೆಯಬೇಕು. ಇಷ್ಟಕ್ಕೆ ಹೊಸ ಯಂತ್ರ ಬೇಕಿಲ್ಲ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ಕೊಟ್ಟಿದೆ. ಅರ್ಜಿ ಬರೆಯುವ ಹಕ್ಕಿಗಾಗಿ ನಾವು ಬಹಳ ಹೋರಾಡಿದ್ದೇವೆ. ಅರ್ಜಿಗೆ ತಡವಾಗಿ ಉತ್ತರ ಬಂದರೆ ಸಹಿಸಿಕೊಳ್ಳಬಹುದು. ಮಗು ಎರಡನೆಯ ಬಾರಿ ಪೆಟ್ಟು ತಿಂದರೆ ಸಹಿಸಲಾಗದು. ಮೊದಲ ಪೆಟ್ಟು ಮಾಯುವ ಮುನ್ನ ಇನ್ನೊಂದು ಪೆಟ್ಟು ಬಿದ್ದಾಗ ಎಳೆಯ ಮೆದುಳು ಒಮ್ಮೆಲೆ ಬಾತುಕೊಂಡು ಪ್ರಾಣಕ್ಕೇ ಎರವಾಗುವುದುಂಟು. ಅಪರೂಪವಾದರೂ ಉಂಟು. ಹಾಗೆಂದೇ ದೊಡ್ಡವರ ಕ್ರಿಕೆಟ್ಟಿನಲ್ಲೂ 2019ರಿಂದ ಬದಲಿ ಆಟಗಾರನ ನಿಯಮ ಬಂದಿದೆ. ಆ ವರ್ಷ ಲಾರ್ಡ್ಸ್‌ನಲ್ಲಿ ಆರ್ಚರನ ಚೆಂಡು ತಗಲಿದ ಸ್ಟೀವ್ ಸ್ಮಿತ್ ಅಂದೇ ಮತ್ತೆ ಬ್ಯಾಟು ಹಿಡಿದು ಬಂದನಾದರೂ ಮರುದಿನ ಬೆಳಿಗ್ಗೆ ಲಕ್ಷಣಗಳು ಕಾಣಿಸಿಕೊಂಡವು; ಅವನ ಬದಲಿಗೆ ಲಬುಶೇನ್ ಆಡಿದ. 2020ರ ಡಿಸೆಂಬರಿನಲ್ಲಿ ನಮ್ಮ ಜಡೇಜನ ಬದಲು ಚಾಹಲ್ ಬೌಲ್ ಮಾಡಿದ್ದೂ ಇದೇ ನಿಯಮದಡಿ. 1998ರಲ್ಲಿ ಢಾಕಾದಲ್ಲಿ ಶಿರಸ್ತ್ರಾಣವಿಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತು ತಲೆಗೆ ಚೆಂಡು ತಗಲಿದ ರಮಣ್ ಲಾಂಬಾ ತಾನೇ ನಡೆದು ಅಂಗಣದಿಂದ ಹೊರಗೆ ಹೋದವರು. ಮೂರನೆಯ ದಿನ ಅವರು ಇರಲಿಲ್ಲ. ನಡೆದುಹೋದವನಿಗೆ ಏನೂ ಆಗಿಲ್ಲ ಎಂಬ ನಮ್ಮ ನಂಬಿಕೆಗೆ ಇದಕ್ಕಿಂತ ಕಠೋರವಾದ ಉತ್ತರ ಬೇಕಿಲ್ಲ.

ಆದುದರಿಂದ ಹೆತ್ತವರು ತಿಳಿದಿರಬೇಕಾದುದು: ಪೆಟ್ಟು ಬಿದ್ದ ಮಗುವನ್ನು ಅಂದು ಮತ್ತೆ ಆಟಕ್ಕೆ ಬಿಡಲೇಬಾರದು. ಪದೇ ಪದೇ ವಾಂತಿ, ಏರುತ್ತಲೇ ಹೋಗುವ ತಲೆನೋವು, ಫಿಟ್ಸ್, ಒಂದು ಕೈಕಾಲು ಸೋಲುವುದು, ಎರಡೆರಡು ಕಾಣುವುದು, ಕತ್ತು ನೋವು, ಹೆಚ್ಚುತ್ತಿರುವ ಮಂಪರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ಭಾಷೆಯ ಚರ್ಚೆಗೆ ಹೊತ್ತಲ್ಲ. ಅಂಥದೇನೂ ಇಲ್ಲದಿದ್ದರೆ, ವೈದ್ಯರು ನೋಡಿದ ಮೇಲೆ ಮಗು ನಿದ್ರಿಸಿದರೆ ನಿದ್ರಿಸಲಿ, ರಾತ್ರಿಯಿಡೀ ಎಬ್ಬಿಸಿ ಕೂರಿಸುವ ಹಳೆಯ ಪದ್ಧತಿ ಬೇಡ. ಒಂದೆರಡು ದಿನ ವಿಶ್ರಾಂತಿ, ಮೊಬೈಲು ದೂರ. ಆಮೇಲೆ ಕತ್ತಲೆ ಕೋಣೆಯಲ್ಲಿ ಮಲಗಿಸಿಡುವ ಬದಲು ನಿಧಾನವಾಗಿ ನಡೆದಾಡಿಸಬೇಕು. ಮೊದಲು ಪಾಠ, ಬಳಿಕ ಆಟ. ಆಟಕ್ಕೆ ಮರಳುವುದು ಹಂತಹಂತವಾಗಿ, ಒಂದೊಂದು ಹಂತಕ್ಕೂ ಕನಿಷ್ಠ ಒಂದು ದಿನ.

ಶಾಲೆಗಳಿಂದ ಆಗಬೇಕಾದ ಕೆಲಸವೂ ಇದೆ. ಆಟದ ತಂಡಕ್ಕೆ ಸೇರುವ ಪ್ರತಿ ಮಗುವನ್ನೂ ವರ್ಷಾರಂಭದಲ್ಲಿ, ತಲೆ ತಣ್ಣಗಿರುವಾಗ, ಅದು ಎಣಿಸುವ ಭಾಷೆಯಲ್ಲೇ ಒಮ್ಮೆ ಪರೀಕ್ಷಿಸಿ, ಎಷ್ಟು ಪದ ನೆನಪಿಟ್ಟಿತು, ಅಂಕೆಗಳನ್ನು ಎಷ್ಟರವರೆಗೆ ತಿರುಗಿಸಿತು, ಕುಳಿತಾಗ ನಾಡಿ ಎಷ್ಟು, ಪರೀಕ್ಷೆಯ ನಡುವೆ ಎಷ್ಟು ಎಂದು ಒಂದು ಪುಟದಲ್ಲಿ ಬರೆದಿಡಬಹುದು. ಇದು ಕಡ್ಡಾಯವೆಂದು ಅಂತಾರಾಷ್ಟ್ರೀಯ ತಜ್ಞರು ಹೇಳಿಲ್ಲ. ಆದರೆ ನಮ್ಮ ಭಾಷೆಯ ಮಕ್ಕಳಿಗೆ ಸಿದ್ಧ ಅಳತೆಗೋಲು ಇಲ್ಲದಿರುವಾಗ ಮಗುವಿಗೆ ಮಗುವೇ ಅಳತೆಗೋಲಾಗಬೇಕು. ಪೆಟ್ಟು ಬಿದ್ದ ದಿನ ಆ ಪುಟವನ್ನು ಮಗುವಿನ ಜೊತೆ ಆಸ್ಪತ್ರೆಗೆ ಕಳಿಸಿದರೆ ವೈದ್ಯರಿಗೆ, ಅವರು ಮಲಯಾಳಿಯಾಗಿರಲಿ ಮರಾಠಿಯಾಗಿರಲಿ, ಹೋಲಿಸಿ ನೋಡಲು ಏನಾದರೂ ಸಿಗುತ್ತದೆ. ಜತ್ತದ ಮಿತ್ರರು ತಮ್ಮ ಶಾಲೆಯಲ್ಲಿ ಈ ಪುಟವನ್ನು ಬರೆಯತೊಡಗಿದ್ದಾರೆ. ಹತ್ತು ಪದಗಳನ್ನು ಆರಿಸುವುದರಲ್ಲೇ ಅಧ್ಯಾಪಕರ ಕೋಣೆಯಲ್ಲಿ ಎರಡು ದಿನ ವಾಗ್ವಾದ ನಡೆಯಿತಂತೆ: ಜೋಳ ಇರಬೇಕೋ ಅಕ್ಕಿಯೋ ಎಂದು. ನಮ್ಮಲ್ಲಾದರೆ ಅಡಿಕೆಯ ಬಗ್ಗೆ ಯಾರದೂ ತಕರಾರು ಇರಲಾರದು. ಉಳಿದ ಒಂಬತ್ತನ್ನು ನಮ್ಮ ಅಧ್ಯಾಪಕ ಬಂಧುಗಳು ಈ ವರ್ಷದ ಕ್ರೀಡಾಕೂಟಕ್ಕೆ ಮೊದಲು ಆರಿಸಲಿ.